ಶೆಡ್ಡಿನ ಛಾವಣಿಯಿಂದ ಬಿದ್ದರೆ ಹೊಣೆ ಯಾರದು?

ಕೋಲಾರದ ಚಿನ್ನದ ಗಣಿಗಳಲ್ಲಿ ಕಾರ್ಮಿಕರು ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕಿಳಿದು ದುಡಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಇಂದು ಬಂಗಾರಪೇಟೆ, ಕೆ.ಜಿ.ಎಫ್., ಮಾಲೂರು ಭಾಗದ ಉದ್ದಿಮೆದಾರರು ಗಮನಿಸಬೇಕಾದ ಅಪಾಯ ಕೇವಲ ಇಪ್ಪತ್ತು ಅಡಿ ಎತ್ತರದಲ್ಲಿದೆ. ಕಬ್ಬಿಣದ ಶೆಡ್ಡುಗಳಿಗೆ ಶೀಟು ಹೊದಿಸುವಾಗ ಅಂಚಿನಿಂದ ಜಾರಿ ಬೀಳುವುದು, ಬೆಳಕಿಗಾಗಿ ಹಾಕಿದ ಫೈಬರ್ ಶೀಟು ಅಥವಾ ಹಳೆಯ ಸಿಮೆಂಟ್ ಶೀಟು ಮುರಿದು ಕೆಳಗುರುಳುವುದು ಇಂತಹ ಅಪಘಾತಗಳ ಮುಖ್ಯ ಬಗೆಗಳು.

ಶೆಡ್ ತಯಾರಕರು ಗುತ್ತಿಗೆ ಪಡೆದು, ಜೋಡಣೆಯನ್ನು ಮೇಸ್ತ್ರಿಯ ತಂಡಕ್ಕೆ ಒಪ್ಪಿಸುವುದುಂಟು. ಜೋಡಣೆಯು ತಯಾರಕರ ಸಾಮಾನ್ಯ ವ್ಯವಹಾರದ ಭಾಗವೇ ಆದ್ದರಿಂದ, ಮೇಸ್ತ್ರಿಯ ಆಳು ಬಿದ್ದರೂ ಪರಿಹಾರವನ್ನು ತಯಾರಕರಿಂದಲೇ ಕೇಳಬಹುದು. ಕೊಟ್ಟ ಹಣವನ್ನು ಮೇಸ್ತ್ರಿಯಿಂದ ವಸೂಲು ಮಾಡುವ ಹಕ್ಕು ಇದೆಯಾದರೂ, ಅವನ ಬಳಿ ಹಣವಿಲ್ಲದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ. 1923ರ ಕಾಯ್ದೆಯ ಈ ತತ್ತ್ವವನ್ನು, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ.

ಲೆಕ್ಕ ಹೀಗಿದೆ

ಮೃತನ ವಯಸ್ಸು 30, ಮಾಸಿಕ ವೇತನ 15,000 ರೂಪಾಯಿ ಎಂದಿಟ್ಟುಕೊಳ್ಳೋಣ. ವೇತನದ ಅರ್ಧವಾದ 7,500ನ್ನು ಆ ವಯಸ್ಸಿನ ಗುಣಕವಾದ 207.98ರಿಂದ ಗುಣಿಸಿದರೆ ಪರಿಹಾರ 15,59,850 ರೂಪಾಯಿ. ಬದುಕುಳಿದು ಶಾಶ್ವತವಾಗಿ ಸಂಪೂರ್ಣ ಅಶಕ್ತನಾದರೆ ಲೆಕ್ಕ ವೇತನದ ಶೇ. 60ರ ಮೇಲೆ, ಮೊತ್ತ 18,71,820 ರೂಪಾಯಿ. ಸಕಾರಣವಿಲ್ಲದೆ ಪಾವತಿ ತಡವಾದರೆ ಬಡ್ಡಿಯಲ್ಲದೆ ಶೇ. 50ರವರೆಗೆ ದಂಡವೂ ಬೀಳಬಹುದು. ವಾಹನ ವಿಮೆಯ ಪ್ರಕರಣವೊಂದರಲ್ಲಿ 1997ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂತಹ ದಂಡವನ್ನು ವಿಮಾ ಕಂಪನಿಯಲ್ಲ, ಮಾಲೀಕರೇ ತೆರಬೇಕೆಂದು ಹೇಳಿದೆ.

"ಬೆಲ್ಟ್ ಕೊಟ್ಟಿದ್ದೆವು, ಅವನೇ ಹಾಕಲಿಲ್ಲ" ಎಂಬ ವಾದ ಸಾವು ಅಥವಾ ಶಾಶ್ವತ ಸಂಪೂರ್ಣ ಅಶಕ್ತತೆಯ ಪ್ರಕರಣದಲ್ಲಿ ನಿಲ್ಲುವುದಿಲ್ಲ.

ಮಾಡಬೇಕಾದ್ದು

ಇ.ಎಸ್.ಐ. ವ್ಯಾಪ್ತಿಗೆ ಬಾರದ ಕೆಲಸಗಾರರಿಗೆ ಪರಿಹಾರ ವಿಮೆ ಮಾಡಿಸಬೇಕು. ಪಾಲಿಸಿಯಲ್ಲಿ ಗುತ್ತಿಗೆಯ ಆಳುಗಳೂ, ನಿಜವಾದ ವೇತನವೂ, ಎತ್ತರದ ಕೆಲಸವೂ ನಮೂದಾಗಿರಬೇಕು. ಹಾಜರಿ ಮತ್ತು ಕೂಲಿಯ ದಾಖಲೆ ನಿವೇಶನದಲ್ಲೇ ಇರಬೇಕು. ಇಡೀ ಮೈಗೆ ತೊಡುವ ಸುರಕ್ಷತಾ ಬೆಲ್ಟ್, ಅದನ್ನು ಸಿಕ್ಕಿಸಲು ಭದ್ರವಾಗಿ ಬಿಗಿದ ಹಗ್ಗ, ಶೀಟಿನ ಮೇಲೆ ನಡೆಯಲು ಹಲಗೆ, ಕೆಳಗೆ ಬಲೆ ಇವುಗಳ ವೆಚ್ಚವನ್ನು ಕೊಟೇಶನ್ನಿನಲ್ಲಿ ಪ್ರತ್ಯೇಕ ಬಾಬ್ತಾಗಿ ತೋರಿಸುವುದು ಉತ್ತಮ. ದರದ ಚೌಕಾಶಿಯಲ್ಲಿ ಗ್ರಾಹಕರು ಮೊದಲು ಕಡಿತಗೊಳಿಸಬಾರದ ಬಾಬ್ತು ಇದೇ. ಪರಿಹಾರ ಎಷ್ಟೇ ದೊರೆತರೂ ಅದು ಕುಟುಂಬದ ದುಡಿಯುವ ಕೈಯನ್ನು ಮರಳಿಸಲಾರದು.