ಚಳಿ ಎಲ್ಲಿಂದ ಬಂತು, ಬರಕೊಂಡು ಬಾ

ಬೀದರ ಜಿಲ್ಲೆಯ ಹುಲಸೂರಿನ ನಿವೃತ್ತ ಸ್ಕೌಟ್ ಮಾಸ್ತರೊಬ್ಬರು ರಾತ್ರಿ ಶಿಬಿರಕ್ಕೆ ಹೆಸರು ಕೊಟ್ಟ ಮಕ್ಕಳಿಗೆ ಮೊದಲು ಕೊಡುವ ಮನೆಗೆಲಸ ಇಷ್ಟೇ: ‘ಇವತ್ತು ರಾತ್ರಿ ಮಾಳಿಗಿ ಮ್ಯಾಲ ಮಲಗು. ಚಳಿ ಎಲ್ಲಿಂದ ಬಂತು, ಬರಕೊಂಡು ಬಾ.’ ಮನೆಯ ದೊಡ್ಡವರೊಬ್ಬರು ಪಕ್ಕದಲ್ಲಿ ಮಲಗಬೇಕೆಂಬುದೊಂದೇ ಷರತ್ತು.

ಮರುದಿನ ಬರುವ ನೋಟ್‌ಬುಕ್ಕುಗಳನ್ನು ಓದುವುದೇ ಒಂದು ಸುಖ. ಒಬ್ಬ ‘ಕಿವಿಯಿಂದ’ ಎಂದು ಬರೆದಿದ್ದಾನೆ. ಇನ್ನೊಬ್ಬನಿಗೆ ಚಳಿ ಬಂದದ್ದು ‘ತಮ್ಮ ಕೌದಿ ಎಳಕೊಂಡಾಗ’. ಒಬ್ಬ ಹುಡುಗಿ ನಸುಕಿನಲ್ಲಿ ಎಚ್ಚರವಾಗಿ, ಎದ್ದು ಕೂತು, ಬೆನ್ನು ಮುಟ್ಟಿ ನೋಡಿಕೊಂಡು ‘ಕೆಳಗಿಂದ’ ಎಂದು ಬರೆದಳು. ಮಾಸ್ತರು ಕಾಯುವುದು ಈ ಉತ್ತರಕ್ಕೇ. ಮೈಭಾರಕ್ಕೆ ಹಾಸಿಗೆ ಒತ್ತಿಹೋಗಿ ಒಳಗಿನ ಗಾಳಿ ಹೊರಬೀಳುತ್ತದೆ, ತಣ್ಣಗಿನ ನೆಲ ಮೈಯ ಬಿಸಿಯನ್ನು ಹೀರುತ್ತದೆ. ಆಗ ಮೇಲೆ ಎಷ್ಟು ಹೊದ್ದರೂ ನಡುಕ ನಿಲ್ಲುವುದಿಲ್ಲ. ‘ಹಾಸೂದು ಹೆಚ್ಚಿರಬೇಕ್ರಿ, ಹೊದಿಯೂದು ಆಮ್ಯಾಲ’ ಎನ್ನುತ್ತಾರೆ ಅವರು.

ಬೀದರ ಜಿಲ್ಲೆಯವರಿಗೆ ಇದು ಸಣ್ಣ ವಿಷಯವಲ್ಲ. ಚಳಿಗಾಲದಲ್ಲಿ ರಾಜ್ಯದ ಅತಿ ಕಡಿಮೆ ಉಷ್ಣಾಂಶದ ಸುದ್ದಿ ಬಂದಾಗ ಬೀದರದ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. 1901ರ ಜನವರಿ 5ರಂದು ಇಲ್ಲಿ 2.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಕಡಲಿನಿಂದ ದೂರದ ಎತ್ತರದ ಬಯಲು, ಒಣ ಗಾಳಿ, ಮೋಡವಿಲ್ಲದ ಆಕಾಶ. ಹಗಲು ಕಾದ ನೆಲ ರಾತ್ರಿ ತನ್ನ ಬಿಸಿಯನ್ನೆಲ್ಲ ಮೇಲಕ್ಕೆ ಬಿಟ್ಟುಕೊಡುತ್ತದೆ. ತಣ್ಣನೆಯ ಗಾಳಿ ಭಾರ, ಹರಿದು ತಗ್ಗಿಗೆ ಸೇರುತ್ತದೆ. ಅದಕ್ಕೇ ನಾಲೆಯ ದಂಡೆ ಎಷ್ಟೇ ಚೆಂದ ಕಂಡರೂ ಡೇರೆ ಅಲ್ಲಿ ಬೇಡ, ಸ್ವಲ್ಪ ಏರಿನ ಹೊಲವೇ ಆಗಬೇಕು.

ಸ್ಕೌಟ್ ಚಳವಳಿಯ ಮೊದಲ ಪ್ರಯೋಗ ಶಿಬಿರವನ್ನು ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ್ದು ಆಗಸ್ಟ್ ತಿಂಗಳಲ್ಲಿ, ಅಲ್ಲಿಯ ಬೇಸಿಗೆಯಲ್ಲಿ. ಮಾಸ್ತರು ಇದನ್ನು ನಗುತ್ತಲೇ ಹೇಳುತ್ತಾರೆ. ಗಂಟು ಹಾಕುವುದು, ಸೀಟಿಯ ಸಂಕೇತ, ಆರರಿಂದ ಎಂಟು ಮಕ್ಕಳ ಪಡೆ ಕಟ್ಟುವುದು ಅವರಿಗೆ ಕೈಪಿಡಿಯಿಂದ ಬಂತು. ಚಳಿಯ ವಿದ್ಯೆ ಬಂದದ್ದು ಹಿಂಗಾರಿ ಜೋಳ ಕಾಯಲು ಹೊಲದಲ್ಲೇ ಮಲಗುತ್ತಿದ್ದ ಅಪ್ಪನಿಂದ. ಅಡಿಗೆ ತಾಡಪತ್ರಿ, ಅದರ ಮೇಲೆ ಮೊಣಕೈ ಉದ್ದ ದಪ್ಪಕ್ಕೆ ಜೋಳದ ಕಣಿಕಿ, ಆಮೇಲೆ ಕೌದಿ. ಕಣಿಕಿ ಒಣಗಿರಬೇಕು. ಹಸಿಯಿದ್ದರೆ ನಡುರಾತ್ರಿಗೆ ನೀರು ಬಿಡುತ್ತದೆ.

ಕೌದಿಯ ಮಾತು ಬಂದರೆ ಅವರನ್ನು ತಡೆಯುವುದು ಕಷ್ಟ, ನಾನೂ ತಡೆಯಲಿಲ್ಲ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನವರೆಗೆ ಒತ್ತೊತ್ತಾಗಿ ಹೊಲಿದ ಆ ಬಟ್ಟೆ ಬೆಚ್ಚಗಿಡುವುದು ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿಯಿಂದ. ಅವರ ತರಗತಿಯಲ್ಲಿ ಹಳೆಯ ಕೌದಿಯೊಂದರ ಮೂಲೆ ಬಿಚ್ಚಿ ಮಕ್ಕಳ ಕೈಯಲ್ಲೇ ಪದರ ಎಣಿಸುತ್ತಾರೆ. ಯಾವುದು ಅಜ್ಜಿಯ ಇಳಕಲ್ ಸೀರೆ, ಯಾವುದು ಅತ್ತೆಯ ಮದುವೆಯದು ಎಂಬ ಲೆಕ್ಕ ಶುರುವಾಗಿ ಅರ್ಧ ತಾಸು ಹೋಗುತ್ತದೆ. ಕೌದಿಗೂ ದೋಷವುಂಟು. ಭಾರ ಹೆಚ್ಚು, ಇಬ್ಬನಿ ಕುಡಿದರೆ ಮರುದಿನ ಸಂಜೆಗೂ ಒಣಗದು. ಹಾಗಾಗಿ ಸುತ್ತಿ, ಹಗ್ಗ ಬಿಗಿದು, ಬೆನ್ನಿಗೆ ಹಾಕಿಕೊಂಡು ಶಾಲೆಯ ಮೈದಾನ ಸುತ್ತಿಸುತ್ತಾರೆ. ಮೂರನೇ ಸುತ್ತಿಗೆ ಮಕ್ಕಳೇ ಚೀಲದಿಂದ ಬೇಡದ್ದನ್ನು ತೆಗೆದಿಡುತ್ತಾರೆ: ಎರಡನೇ ಕನ್ನಡಿ, ಪೌಡರ್ ಡಬ್ಬಿ, ಕುರಕುರೆ ಪಾಕೀಟು. ಒಣ ಕಾಲುಚೀಲವನ್ನು ತೆಗೆಯಲು ಮಾತ್ರ ಬಿಡುವುದಿಲ್ಲ. ಹಗಲೆಲ್ಲ ಬೆವೆತ ಬಟ್ಟೆಯಲ್ಲಿ ಮಲಗಿದವನೇ ಮೊದಲು ನಡುಗುವವನು.

ಉಳಿದ ಪಾಠಗಳು ಚಿಕ್ಕವು. ಕರಿಮಣ್ಣಿನಲ್ಲಿ ಬಿರುಕಿನ ಪಕ್ಕ ಗೂಟ ಹೊಡೆದರೆ ಕಿತ್ತುಬರುತ್ತದೆ, ಜಂಬಿಟ್ಟಿಗೆ ನೆಲದಲ್ಲಿ ಗೂಟ ಇಳಿಯುವುದೇ ಇಲ್ಲ, ಅಲ್ಲಿ ಹಗ್ಗವನ್ನು ಕಲ್ಲಿಗೆ ಕಟ್ಟಬೇಕು. ಬೆಳಿಗ್ಗೆ ಬೂಟು ಝಾಡಿಸದೆ ಕಾಲು ಹಾಕಬಾರದು, ಚೇಳಿರಬಹುದು. ಧ್ರುವ ನಕ್ಷತ್ರವನ್ನು ನೆತ್ತಿಯ ಮೇಲೆ ಹುಡುಕಬಾರದು. ಹುಲಸೂರು ಇರುವುದು ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹಾಗಾಗಿ ಕೈ ನೀಡಿ ಒಂದರ ಮೇಲೊಂದು ಇಟ್ಟ ಎರಡು ಮುಷ್ಟಿಯಷ್ಟು ಎತ್ತರದಲ್ಲೇ ಅದು ಸಿಗುತ್ತದೆ. ಒಂದು ಮಾತಿಗೆ ಮಾತ್ರ ಮಾಸ್ತರ ದನಿ ಬದಲಾಗುತ್ತದೆ. ತೊಗರಿ ಕಟ್ಟಿಗೆಯ ಕೆಂಡವನ್ನು ಬುಟ್ಟಿಯಲ್ಲಿ ತುಂಬಿ ಡೇರೆಯೊಳಗೆ ಒಯ್ಯಕೂಡದು. ಆ ಹೊಗೆಯಿಲ್ಲದ ವಿಷಗಾಳಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಇತಿಹಾಸ ಅವರ ಬಾಯಲ್ಲಿ ನಾಲ್ಕು ಮಾತಿಗೆ ಮುಗಿಯುತ್ತದೆ. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಹುಟ್ಟಿದ್ದು 1950ರ ನವೆಂಬರ್ 7ರಂದು. ಅದರ ಮೊದಲ ರಾಷ್ಟ್ರೀಯ ಜಾಂಬೂರಿ 1953ರಲ್ಲಿ ಹೈದರಾಬಾದಿನಲ್ಲಿ ನಡೆಯಿತು. ಬೀದರ ಆಗ ಹೈದರಾಬಾದ್ ರಾಜ್ಯದಲ್ಲೇ ಇತ್ತು, ಅವರ ಗುರುಗಳು ಅಲ್ಲಿಗೆ ಹೋಗಿ ಬಂದಿದ್ದರಂತೆ. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಗೆ ಹೋದ ಮಕ್ಕಳು ‘ಸರ್, ಅಲ್ಲಿ ಚಳಿನೇ ಇಲ್ಲ’ ಎಂದು ದೂರಿದ್ದನ್ನು ಇಂದಿಗೂ ನೆನೆಯುತ್ತಾರೆ.

ಈಗ ಕಷ್ಟ ಬಂದಿರುವುದು ಹೊಲಕ್ಕಲ್ಲ, ಕಾಗದಕ್ಕೆ. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಬಾಲಕಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡ ಮೇಲೆ ಮಕ್ಕಳನ್ನು ರಾತ್ರಿ ಹೊರಗೆ ಕಳಿಸಲು ಮನೆಯವರಿಗೂ ಅಳುಕು, ಸಹಿ ಹಾಕಲು ಶಾಲೆಗೂ ಅಳುಕು. ಆ ಭಯವನ್ನು ತಪ್ಪೆನ್ನಲಾಗದು. ಆದರೆ ಎಳ್ಳಮಾವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ಹೋಗಿ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಉಂಡುಬರುವ ಸೀಮೆಯಲ್ಲಿ ಹೊತ್ತು ಮುಳುಗಿದ ಮೇಲೆ ಅದೇ ಹೊಲ ಮಕ್ಕಳಿಗೆ ಅಪರಿಚಿತವಾಗುತ್ತಿದೆ ಎಂಬುದು ನನಗಂತೂ ಸಣ್ಣ ನಷ್ಟವೆನಿಸಲಿಲ್ಲ.

ಮಾಸ್ತರು ಜಗಳವಾಡುವುದಿಲ್ಲ. ಹೊಲದ ಮಾಲೀಕರ, ಹತ್ತಿರದ ಆಸ್ಪತ್ರೆಯ, ಆಟೋದವರ ನಂಬರುಗಳನ್ನು ಒಪ್ಪಿಗೆ ಪತ್ರದಲ್ಲೇ ಅಚ್ಚು ಹಾಕಿಸಿದ್ದಾರೆ. ಗೈಡ್ ಹುಡುಗಿಯೊಬ್ಬಳ ಮನೆಯವರು ‘ಆಕಿ ಅಜ್ಜಿ ಸಂಗಡ ಇದ್ರ ಕಳಿಸ್ತೀವಿ’ ಎಂದರಂತೆ. ‘ಬರಲಿ, ಅಜ್ಜಿಗೆ ನಮ್ಮೆಲ್ಲರಿಗಿಂತ ಹೆಚ್ಚು ಗೊತ್ತದ’ ಎಂದು ಇವರು ಒಪ್ಪಿದ್ದಾರೆ. ನಾನು ಹೊರಟಾಗ ಅವರ ಮೇಜಿನ ಮೇಲೆ ಸಹಿಯಾಗಿ ಬಂದ ಪತ್ರಗಳಿಗಿಂತ ಖಾಲಿ ಪತ್ರಗಳ ಕಟ್ಟೇ ದಪ್ಪಗಿತ್ತು. ಇಷ್ಟೇ ಮಕ್ಕಳಾದರೂ ಹೋಗುತ್ತೀರಾ ಎಂದೆ. ‘ಒಂದು ಪಡೆ ಆದ್ರ ಸಾಕ್ರಿ’ ಎಂದರು. ಪಡೆಗೆ ಇನ್ನೂ ಇಬ್ಬರು ಕಡಿಮೆ ಇದ್ದರು.