ಕಡ ತಂದ ಮಾತು, ಮರೆಸಿಟ್ಟ ಹೆಸರು

ಇನ್ನೊಬ್ಬರ ಮಾತನ್ನೋ ವಿಚಾರವನ್ನೋ ತೆಗೆದುಕೊಂಡು, ಎಲ್ಲಿಂದ ಬಂತೆಂದು ಹೇಳದೆ, ತನ್ನದೇ ಎಂಬಂತೆ ಓದುಗರ ಮುಂದಿಡುವುದು ಕೃತಿಚೌರ್ಯ. ಈ ವಿವರಣೆಯಲ್ಲಿ ಎರಡು ಕೆಲಸಗಳಿವೆ: ತೆಗೆದುಕೊಳ್ಳುವುದು ಮತ್ತು ಮರೆಮಾಚುವುದು. ತಪ್ಪು ಇರುವುದು ಎರಡನೆಯದರಲ್ಲಿ. ಏನನ್ನೂ ತೆಗೆದುಕೊಳ್ಳದೆ ಬರೆದವರು ಯಾವ ಭಾಷೆಯಲ್ಲೂ ಸಿಗಲಾರರು. ಹತ್ತು ಪುಸ್ತಕ ಓದಿ ಹನ್ನೊಂದನೆಯದನ್ನು ಬರೆಯುವುದೇ ವಿದ್ವತ್ತಿನ ದಾರಿ. ಆದರೆ ಕಡ ತಂದವನು ಯಾರಿಂದ ತಂದೆನೆಂದು ಹೇಳಬಲ್ಲ, ಕದ್ದವನು ಹೇಳಲಾರ.

ಇಂಗ್ಲಿಷಿನ ‘ಪ್ಲೇಜಿಯರಿಸಂ’ ಎಂಬ ಮಾತಿನ ಹಿಂದೆ ಒಂದು ಬೈಗುಳವಿದೆ. ಲ್ಯಾಟಿನ್ ಭಾಷೆಯಲ್ಲಿ ‘ಪ್ಲಾಗಿಯಾರಿಯಸ್’ ಎಂದರೆ ಮನುಷ್ಯರನ್ನು, ಅದರಲ್ಲೂ ಬೇರೆಯವರ ಗುಲಾಮರನ್ನು, ಅಪಹರಿಸುವವನು. ಕ್ರಿಸ್ತಶಕ ಒಂದನೆಯ ಶತಮಾನದ ರೋಮಿನ ಕವಿ ಮಾರ್ಷಿಯಲ್, ತನ್ನ ಪದ್ಯಗಳನ್ನು ಸ್ವಂತದ್ದೆಂದು ಹಾಡಿಕೊಂಡು ತಿರುಗುತ್ತಿದ್ದ ಒಬ್ಬನನ್ನು ಹಂಗಿಸುವಾಗ ಈ ಪದವನ್ನು ಬಳಸಿದ. ಸಾಹಿತ್ಯದ ಕಳವಿಗೆ ಅದೇ ಹೆಸರು ಅಂಟಿಕೊಂಡಿತು.

ಭಾರತದಲ್ಲಿ ಈ ವಿಷಯವನ್ನು ಬೈಗುಳದಾಚೆಗೆ ಒಯ್ದು ಶಾಸ್ತ್ರವನ್ನಾಗಿ ಮಾಡಿದವರಿದ್ದಾರೆ. ಏಳನೆಯ ಶತಮಾನದ ಬಾಣ ಹರ್ಷಚರಿತದ ಪೀಠಿಕೆಯಲ್ಲಿಯೇ ಕವಿಗಳ್ಳರನ್ನು ಚುಚ್ಚುತ್ತಾನೆ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ದ ಕೊನೆಯ ಭಾಗದಲ್ಲಿ ಇಬ್ಬರು ಕವಿಗಳ ನಡುವಿನ ಹೋಲಿಕೆಯನ್ನು ಮೂರು ಬಗೆಯಾಗಿ ಬಿಡಿಸುತ್ತಾನೆ. ಕನ್ನಡಿಯಲ್ಲಿ ಕಂಡ ಪ್ರತಿಬಿಂಬದಂಥದು ಒಂದು, ನೋಡಿ ಬರೆದ ಚಿತ್ರದಂಥದು ಇನ್ನೊಂದು. ಇವೆರಡನ್ನೂ ಕವಿ ಬಿಡಬೇಕು. ಮೂರನೆಯದು, ಒಂದೇ ಮೈಕಟ್ಟಿನ ಇಬ್ಬರು ಮನುಷ್ಯರ ನಡುವೆ ಇರುವಂಥ ಹೋಲಿಕೆ. ರೂಪ ಹತ್ತಿರವಾದರೂ ಜೀವ ಬೇರೆಯಾಗಿರುವುದರಿಂದ ಅದು ದೋಷವಲ್ಲ. ಸಾವಿರ ವರ್ಷಕ್ಕೂ ಹಿಂದೆ ಬರೆದ ಈ ವಿಂಗಡಣೆಯನ್ನು ಇಂದಿನ ಪಿಎಚ್.ಡಿ. ಮಾರ್ಗದರ್ಶಕರೊಬ್ಬರ ಮೇಜಿನ ಮೇಲಿಟ್ಟರೂ ಕೆಲಸಕ್ಕೆ ಬರುತ್ತದೆ.

ಅವನ ನಂತರ ಬಂದ ರಾಜಶೇಖರ ‘ಕಾವ್ಯಮೀಮಾಂಸೆ’ಯಲ್ಲಿ ಈ ವಿಚಾರಕ್ಕೆ ಅಧ್ಯಾಯಗಳನ್ನೇ ಮೀಸಲಿಟ್ಟ. ಮಾತನ್ನು ಎತ್ತುವುದು ಶಬ್ದಹರಣ, ಭಾವವನ್ನು ಎತ್ತುವುದು ಅರ್ಥಹರಣ. ಶಬ್ದಹರಣದಲ್ಲಿಯೂ ಒಂದು ಪದ, ಒಂದು ಪಾದ, ಅರ್ಧ ಪದ್ಯ, ಪೂರ್ತಿ ಪದ್ಯ, ಇಡೀ ಪ್ರಬಂಧ ಎಂದು ಅಳತೆಯ ಮೆಟ್ಟಿಲುಗಳಿವೆ. ರಾಜಶೇಖರನ ಧಾಟಿಯಲ್ಲಿ ಒಂದಿಷ್ಟು ತುಂಟತನವೂ ಉಂಟು: ಕವಿಗಳೆಲ್ಲ ಕಳ್ಳರೇ, ಜಾಣತನದಿಂದ ಬಚ್ಚಿಡಬಲ್ಲವನು ಬಾಳುತ್ತಾನೆ ಎಂಬರ್ಥ ಬರುವಂತೆ ಅವನು ಮಾತಾಡುತ್ತಾನೆ. ಕಾವ್ಯದಲ್ಲಿ ಇದನ್ನು ನಕ್ಕು ಒಪ್ಪಬಹುದು. ಸಂಶೋಧನೆಗೆ ಒಪ್ಪದು, ಏಕೆಂದರೆ ಅಲ್ಲಿ ಬಚ್ಚಿಟ್ಟ ಪ್ರತಿ ಹೆಸರೂ ಮುಂದಿನವರು ಪರೀಕ್ಷಿಸಿ ನೋಡಬೇಕಾದ ಒಂದು ದಾರಿಯನ್ನು ಮುಚ್ಚಿಬಿಡುತ್ತದೆ.

ಕನ್ನಡದ ಹಳೆಯ ಕವಿಗಳು ಧಾರಾಳವಾಗಿ ತೆಗೆದುಕೊಂಡವರು, ಬಹುಮಟ್ಟಿಗೆ ಹೇಳಿಯೂ ತೆಗೆದುಕೊಂಡವರು. ‘ಕವಿರಾಜಮಾರ್ಗ’ ದಂಡಿಯ ‘ಕಾವ್ಯಾದರ್ಶ’ದಿಂದ ಬಹಳವನ್ನು ಪಡೆದಿದೆ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಮುಗಿಸಿದ ಪಂಪ ವ್ಯಾಸರ ಹೆಸರೆತ್ತಿಯೇ ಹೊರಡುತ್ತಾನೆ, ತಾನು ವ್ಯಾಸನೆಂಬ ಗರ್ವ ತನಗಿಲ್ಲವೆಂದೂ ಹೇಳಿಕೊಳ್ಳುತ್ತಾನೆ. ಗದುಗಿನ ನಾರಣಪ್ಪನಂತೂ ಕುಮಾರವ್ಯಾಸನೆಂದು ತನ್ನ ಹೆಸರಿನೊಳಗೇ ಋಣವನ್ನು ಬರೆದುಕೊಂಡ. ಕಾವ್ಯದ ಆರಂಭದಲ್ಲಿ ಬರುವ ಪೂರ್ವಕವಿಸ್ಮರಣೆಯನ್ನು ಇಂದಿನ ಗ್ರಂಥಋಣದ ಪಟ್ಟಿಗೆ ಹೋಲಿಸಬಹುದು, ಆದರೆ ಪೂರ್ತಿ ಹೊಂದುವುದಿಲ್ಲ. ಸ್ಮರಣೆ ಹಿರಿಯರಿಗೆ ಸಲ್ಲಿಸಿದ ನಮಸ್ಕಾರ. ಯಾವ ಪದ್ಯಕ್ಕೆ ಯಾರು ಮೂಲವೆಂಬುದನ್ನು ಅದು ಹೇಳುವುದಿಲ್ಲ. ರನ್ನನ ಗದಾಯುದ್ಧದ ಮೇಲೆ ಪಂಪಭಾರತದ ಮತ್ತು ಭಟ್ಟನಾರಾಯಣನ ‘ವೇಣೀಸಂಹಾರ’ದ ನೆರಳು ಎಷ್ಟು ಬಿದ್ದಿದೆ ಎಂಬುದನ್ನು ವಿದ್ವಾಂಸರು ಪದ್ಯಗಳನ್ನು ಪಕ್ಕಪಕ್ಕ ಇಟ್ಟುಕೊಂಡೇ ಲೆಕ್ಕಹಾಕಬೇಕಾಯಿತು.

ಹೆಸರು ಹೇಳದಿದ್ದರೆ ಆಗುವ ನಷ್ಟ ಎಂಥದೆಂಬುದಕ್ಕೆ ಹದಿಮೂರನೆಯ ಶತಮಾನದ ‘ಸೂಕ್ತಿಸುಧಾರ್ಣವ’ ಒಳ್ಳೆಯ ಸಾಕ್ಷಿ. ಕೇಶಿರಾಜನ ತಂದೆ ಮಲ್ಲಿಕಾರ್ಜುನ ಹಿಂದಿನ ಕಾವ್ಯಗಳಿಂದ ಆರಿಸಿದ ಪದ್ಯಗಳ ಸಂಕಲನವಿದು. ಅವನ ಉದ್ದೇಶ ಕಳವಲ್ಲ, ಸಂಗ್ರಹ. ಆದರೂ ಪದ್ಯದ ಪಕ್ಕದಲ್ಲಿ ಕವಿಯ ಹೆಸರಿಲ್ಲ. ಮೂಲಕಾವ್ಯ ಉಳಿದುಬಂದಿದ್ದರೆ ಪದ್ಯದ ಒಡೆಯ ಯಾರೆಂದು ಪತ್ತೆಯಾಗುತ್ತದೆ, ಕಾವ್ಯವೇ ಕಳೆದುಹೋಗಿದ್ದರೆ ಊಹೆಯೇ ಗತಿ. ಇದಕ್ಕೆ ಹೋಲಿಸಿದರೆ ವಚನಕಾರರ ಅಂಕಿತ ಎಷ್ಟು ಗಟ್ಟಿ ವ್ಯವಸ್ಥೆ! ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಗುಹೇಶ್ವರ ಎಂಬ ಮುದ್ರೆ ವಚನದ ಮೈಯೊಳಗೇ ಇರುವುದರಿಂದ, ಬಾಯಿಂದ ಬಾಯಿಗೆ ದಾಟಿದರೂ ಹೆಸರು ಜೊತೆಯಲ್ಲೇ ನಡೆಯುತ್ತದೆ.

ಹೊಸಗನ್ನಡದಲ್ಲಿ ಋಣ ಒಪ್ಪಿಕೊಂಡವರ ಕೃತಿಗಳು ಅದರಿಂದ ಸಣ್ಣವಾದುದಿಲ್ಲ. ಬಿ.ಎಂ. ಶ್ರೀಕಂಠಯ್ಯನವರು ಅನುವಾದಗಳ ಸಂಕಲನಕ್ಕೆ ‘ಇಂಗ್ಲಿಷ್ ಗೀತಗಳು’ ಎಂದು ಹೆಸರಿಟ್ಟರು. ಮೂಲ ಎಲ್ಲಿಯದೆಂಬುದನ್ನು ಪುಸ್ತಕದ ಹೊದಿಕೆಯೇ ಹೇಳಿಬಿಡುತ್ತದೆ. ಗಿರೀಶ ಕಾರ್ನಾಡರು ‘ಹಯವದನ’ಕ್ಕೆ ಕಥಾಸರಿತ್ಸಾಗರದ ಕತೆಯ ಜೊತೆಗೆ ಜರ್ಮನ್ ಲೇಖಕ ಥಾಮಸ್ ಮನ್‌ನ ಕಾದಂಬರಿಯೂ ಆಧಾರವೆಂದು, ‘ನಾಗಮಂಡಲ’ದ ಎರಡು ಜನಪದ ಕತೆಗಳನ್ನು ಎ.ಕೆ. ರಾಮಾನುಜನ್ ಅವರಿಂದ ಕೇಳಿದ್ದೆಂದು ತಾವೇ ಬರೆದರು. ರಂಗದ ಮೇಲೆ ಆ ನಾಟಕಗಳನ್ನು ನೋಡಿದ ಯಾರೂ ಅವು ಕಾರ್ನಾಡರವಲ್ಲ ಎನ್ನುವುದಿಲ್ಲ.

ಕೃತಿಚೌರ್ಯವೆಲ್ಲ ಬೇಕೆಂದೇ ನಡೆಯುವುದಿಲ್ಲ. 1891ರಲ್ಲಿ, ಹನ್ನೊಂದು ವರ್ಷದ ಹೆಲೆನ್ ಕೆಲರ್ ‘ಹಿಮರಾಜ’ ಎಂಬರ್ಥದ ಹೆಸರಿನ ಒಂದು ಕತೆ ಬರೆದು ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆಯ ಮುಖ್ಯಸ್ಥರಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಕಳಿಸಿದಳು. ಅಚ್ಚಾದ ಮೇಲೆ, ಅದು ಮಾರ್ಗರೆಟ್ ಕ್ಯಾನ್ಬಿ ಎಂಬ ಲೇಖಕಿಯ ಕತೆಯೊಂದನ್ನು ಸಾಲುಸಾಲಾಗಿ ಹೋಲುತ್ತದೆಂದು ಬೆಳಕಿಗೆ ಬಂತು. ಕಣ್ಣು, ಕಿವಿ ಎರಡೂ ಇಲ್ಲದ ಆ ಹುಡುಗಿಗೆ ಯಾರೋ ಹಿಂದೊಮ್ಮೆ ಆ ಕತೆಯನ್ನು ಅಂಗೈ ಮೇಲೆ ಬೆರಳಿನಿಂದ ಬರೆದು ಓದಿಸಿದ್ದರು. ಕೇಳಿದ್ದು ಮರೆತಿತ್ತು, ಕತೆ ಉಳಿದಿತ್ತು. ಶಾಲೆ ವಿಚಾರಣೆಗೆ ಮಂಡಳಿಯನ್ನೇ ಕೂರಿಸಿತು. ಮನಶ್ಶಾಸ್ತ್ರದಲ್ಲಿ ಇದನ್ನು ಮರೆತ ನೆನಪು ಹೊಸ ಕಲ್ಪನೆಯ ವೇಷದಲ್ಲಿ ಮರಳುವುದು ಎಂದು ವಿವರಿಸುತ್ತಾರೆ. ಟಿಪ್ಪಣಿ ಮಾಡಿಕೊಳ್ಳುವಾಗಲೇ ಇದು ಪುಸ್ತಕದ ಮಾತು, ಇದು ತನ್ನ ಮಾತು ಎಂದು ಬೇರೆಬೇರೆ ಗುರುತು ಹಾಕಿಕೊಳ್ಳುವ ಹಳೆಯ ರೂಢಿಯ ಹಿಂದೆ ಇರುವುದು ಇದೇ ಭಯ.

ಹೆಚ್ಚಿನ ಬರಹಗಾರರು ಎಡವುವುದು ಇಡೀ ಪುಟ ಎತ್ತುವುದರಲ್ಲಿ ಅಲ್ಲ, ಮಾತು ಬದಲಿಸಿದರೆ ಸಾಕೆಂಬ ನಂಬಿಕೆಯಲ್ಲಿ. ಉದಾಹರಣೆಗೆ ಒಂದು ಪುಸ್ತಕದಲ್ಲಿ ಹೀಗಿದೆ ಎಂದಿಟ್ಟುಕೊಳ್ಳೋಣ: ‘ಮಲೆನಾಡಿನ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟವೇ ತಾಯಿ, ಬೆಟ್ಟ ಬೋಳಾದ ಊರಿನಲ್ಲಿ ತೋಟ ಹಾಲಿಲ್ಲದ ಮಗುವಾಗುತ್ತದೆ.’ ಇದನ್ನು ಓದಿದವರು ‘ಘಟ್ಟದ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟವೇ ಅಮ್ಮ, ಬೆಟ್ಟ ಬರಿದಾದರೆ ತೋಟ ಹಾಲು ಕಾಣದ ಕೂಸು’ ಎಂದು ಬರೆದರೆ ಪದಗಳು ಬದಲಾಗಿವೆ, ವಾಕ್ಯದ ಎಲುಬು ಮತ್ತು ತಾಯಿ–ಮಗುವಿನ ಹೋಲಿಕೆ ಅಲ್ಲೇ ಕೂತಿವೆ. ಆನಂದವರ್ಧನನ ಲೆಕ್ಕದಲ್ಲಿ ಇದು ನೋಡಿ ಬರೆದ ಚಿತ್ರ. ಇಲ್ಲಿ ಸರಿಯಾದ ದಾರಿಗಳು ಎರಡು. ಆ ಹೋಲಿಕೆಯೇ ಬೇಕಾಗಿದ್ದರೆ ಮೂಲವಾಕ್ಯವನ್ನು ಇದ್ದಂತೆಯೇ ಉದ್ಧರಣ ಚಿಹ್ನೆಯೊಳಗೆ ಇಟ್ಟು, ಲೇಖಕರ ಹೆಸರು, ಪುಸ್ತಕ, ಪುಟ ಕೊಡುವುದು. ವಿಚಾರ ಮಾತ್ರ ಸಾಕಾದರೆ, ತೋಟದ ಮಣ್ಣಿನ ಸಾರ ಬೆಟ್ಟದ ಸೊಪ್ಪಿನ ಮೇಲೆ ನಿಂತಿದೆ ಎಂಬುದು ಇಂಥವರ ವಾದವೆಂದು ಸ್ವಂತ ವಾಕ್ಯದಲ್ಲಿ ಹೇಳಿ, ಆಗಲೂ ಹೆಸರು ಕೊಡುವುದು. ಮಾತು ಸ್ವಂತದ್ದಾದರೂ ವಿಚಾರ ಇನ್ನೊಬ್ಬರದೇ.

ಎಲ್ಲದಕ್ಕೂ ಆಕರ ಬೇಕೆಂದೇನಿಲ್ಲ. ಕಾವೇರಿ ಹುಟ್ಟುವುದು ಕೊಡಗಿನ ತಲಕಾವೇರಿಯಲ್ಲಿ, ರಾಜ್ಯದ ಏಕೀಕರಣ ಆದದ್ದು 1956ರ ನವೆಂಬರ್ 1ರಂದು ಎಂಬುದಕ್ಕೆ ಅಡಿಟಿಪ್ಪಣಿ ಹಾಕಿದರೆ ಓದುಗ ನಕ್ಕಾನು. ಆದರೆ ಹಲ್ಮಿಡಿ ಶಾಸನದ ಕಾಲದ ಬಗ್ಗೆ ವಿದ್ವಾಂಸರೊಬ್ಬರು ಲಿಪಿಯ ಆಧಾರದ ಮೇಲೆ ಮಂಡಿಸಿದ ನಿರ್ಣಯ ಅವರ ದುಡಿಮೆ; ಅವರ ಹೆಸರು ಬರಲೇಬೇಕು.

ಆಕರ ಕೊಡುವ ಶೈಲಿಗಳು ಹಲವು. ಕಂಸದಲ್ಲಿ ಹೆಸರು, ವರ್ಷ ಹಾಕುವುದುಂಟು, ಪುಟದ ಕೆಳಗೆ ಅಡಿಟಿಪ್ಪಣಿ ಕೊಡುವುದುಂಟು. ಯಾವುದಾದರೂ ಆಗಬಹುದು, ಓದುಗ ಅದನ್ನು ಹಿಡಿದು ಮೂಲದ ಅದೇ ಪುಟಕ್ಕೆ ಹೋಗಿ ಮುಟ್ಟುವಂತಿದ್ದರೆ ಸಾಕು. ಶಾಸನಗಳ ವಿಷಯದಲ್ಲಿ ಕನ್ನಡದ ಸಂಶೋಧಕರಿಗೆ ಈ ಶಿಸ್ತು ಹಳೆಯದು: ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ ಇಷ್ಟನ್ನು ಕೊಟ್ಟರೆ ಯಾರಾದರೂ ಆ ಕಲ್ಲಿನ ಪಾಠವನ್ನು ತೆರೆದು ನೋಡಬಹುದು. ಬಿ.ಎಲ್. ರೈಸ್ ಹೊರತಂದ ಹಳೆಯ ಸಂಪುಟಗಳಿಗೂ ಆಮೇಲಿನ ಪರಿಷ್ಕೃತ ಸಂಪುಟಗಳಿಗೂ ಸಂಖ್ಯೆಗಳು ತಾಳೆಯಾಗದ ಕಾರಣ, ಯಾವ ಆವೃತ್ತಿ ಎಂಬುದನ್ನೂ ಹೇಳಬೇಕಾಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯಲ್ಲಿ ಓದಿದ ಪದ್ಯವನ್ನು, ಮೂಲ ಓಲೆಗರಿಯನ್ನೇ ಬಿಚ್ಚಿ ಓದಿದವರಂತೆ ಉಲ್ಲೇಖಿಸುವುದೂ ಅಪ್ರಾಮಾಣಿಕತೆಯೇ. ನೋಡಿದ್ದು ಕವಿಚರಿತೆಯನ್ನಾದರೆ ಕವಿಚರಿತೆಯ ಹೆಸರೇ ಬರಬೇಕು; ಇಲ್ಲದಿದ್ದರೆ ಒಬ್ಬರ ಅಚ್ಚಿನ ತಪ್ಪು ಹತ್ತು ಜನರ ಪ್ರಬಂಧದಲ್ಲಿ ಪ್ರಮಾಣವಾಗಿ ಕೂರುತ್ತದೆ. ಜನಪದ ಸಂಗ್ರಹದಲ್ಲಿ ಹಾಡಿದವರ ಹೆಸರು, ಊರು ದಾಖಲಾಗಬೇಕು. ಪುಸ್ತಕದ ಮೇಲೆ ಸಂಪಾದಕರ ಹೆಸರು ದಪ್ಪಕ್ಷರದಲ್ಲಿದ್ದು, ರಾತ್ರಿಯಿಡೀ ಹಾಡಿದ ಅಜ್ಜಿ ಬರೀ ‘ಹಳ್ಳಿಯ ಮುದುಕಿ’ಯಾಗಿ ಉಳಿದರೆ ಅದೂ ಮರೆಮಾಚಿದ ಆಕರವೇ.

ಪತ್ರಿಕೆಗಳಲ್ಲಿ ಕಾಣುವ ‘ಚಿತ್ರಕೃಪೆ: ಅಂತರ್ಜಾಲ’ ಎಂಬ ಸಾಲಿನ ಬಗ್ಗೆ ಒಂದು ಮಾತು. ಅಂತರ್ಜಾಲ ಯಾವ ಚಿತ್ರವನ್ನೂ ತೆಗೆಯುವುದಿಲ್ಲ. ‘ಸಂತೆಯಲ್ಲಿ ಸಿಕ್ಕಿತು’ ಎಂದಷ್ಟೇ ಅದರ ಅರ್ಥ.

ಕೃತಿಚೌರ್ಯ ಮತ್ತು ಕೃತಿಸ್ವಾಮ್ಯದ ಉಲ್ಲಂಘನೆ ಒಂದೇ ಎಂದು ತಿಳಿಯುವವರು ಬಹಳ. ಮೊದಲನೆಯದು ಪ್ರಾಮಾಣಿಕತೆಯ ಪ್ರಶ್ನೆ, ಎರಡನೆಯದು 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಶ್ನೆ. ಭಾರತದಲ್ಲಿ ಸಾಹಿತ್ಯಕೃತಿಯ ಹಕ್ಕು ಲೇಖಕರ ಜೀವಿತಾವಧಿಗೂ, ಅವರು ತೀರಿಕೊಂಡ ವರ್ಷದ ನಂತರದ 60 ವರ್ಷಗಳಿಗೂ ಇರುತ್ತದೆ. 1946ರಲ್ಲಿ ನಿಧನರಾದ ಬಿ.ಎಂ.ಶ್ರೀಯವರ ಬರಹ ಈಗ ಸಾರ್ವಜನಿಕ. 1975ರಲ್ಲಿ ನಿಧನರಾದ ಡಿ.ವಿ.ಜಿ.ಯವರ ಕಗ್ಗಕ್ಕೆ 2035ರ ಕೊನೆಯವರೆಗೆ ಹಕ್ಕಿದೆ. ಬಿ.ಎಂ.ಶ್ರೀ ಪದ್ಯವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಆದರೆ ಸ್ವಂತದ್ದೆಂದು ಅಚ್ಚು ಹಾಕಿದರೆ ಅದು ಕೃತಿಚೌರ್ಯ. ತಿರುಗಿಸಿ ನೋಡಿದರೆ, ಕಗ್ಗವನ್ನು ಡಿ.ವಿ.ಜಿ. ಹೆಸರಿನಲ್ಲೇ ಅನುಮತಿಯಿಲ್ಲದೆ ಇಡಿಯಾಗಿ ಮುದ್ರಿಸಿ ಮಾರಿದರೆ ಕೃತಿಚೌರ್ಯವಾಗದು, ಕಾನೂನಿನ ಉಲ್ಲಂಘನೆಯಾಗುತ್ತದೆ. ವಿಮರ್ಶೆಗೆ, ಸಂಶೋಧನೆಗೆ ಬೇಕಾದಷ್ಟನ್ನು ಉಲ್ಲೇಖಿಸಲು ಕಾಯ್ದೆಯ 52ನೆಯ ಕಲಂ ಅವಕಾಶ ಕೊಟ್ಟಿದೆ. ಹಕ್ಕನ್ನು ಮಾರಿಕೊಂಡ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು 57ನೆಯ ಕಲಂ ಲೇಖಕರಿಗೇ ಉಳಿಸಿದೆ. ‘ನ್ಯೂ ಡೆಲ್ಲಿ’ ಎಂಬ ಹಿಂದಿ ಚಿತ್ರ ತನ್ನ ನಾಟಕದ ನಕಲೆಂದು ಆರ್.ಜಿ. ಆನಂದ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ, ಕಾನೂನಿನ ರಕ್ಷಣೆ ವಿಚಾರಕ್ಕಿಲ್ಲ, ಅದನ್ನು ಹೇಳಿದ ರೀತಿಗಿದೆ ಎಂದಿತು. ಸಂಶೋಧನೆಯ ನೀತಿ ಇದಕ್ಕಿಂತ ಬಿಗಿ: ಅಲ್ಲಿ ವಿಚಾರಕ್ಕೂ ಹೆಸರು ಬೇಕು.

ವಿಶ್ವವಿದ್ಯಾಲಯಗಳಲ್ಲಿ ಈಗ ಜಾರಿಯಲ್ಲಿರುವುದು ಯುಜಿಸಿಯ 2018ರ ನಿಯಮಾವಳಿ. ಅದರ ಪ್ರಕಾರ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆಯಿಲ್ಲ. ಶೇ 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. ಶೇ 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದಕ್ಕೂ ಮೀರಿದರೆ ನೋಂದಣಿಯೇ ರದ್ದು. ಆಕರ ಕೊಟ್ಟ ಉದ್ಧರಣೆ, ಗ್ರಂಥಋಣ, ಕಾನೂನಿನ ಪಠ್ಯ ಮುಂತಾದವು ಈ ಲೆಕ್ಕಕ್ಕೆ ಬರುವುದಿಲ್ಲ. ಶೇಕಡಾವಾರು ಲೆಕ್ಕದಿಂದ ಆಡಳಿತಕ್ಕೆ ಅನುಕೂಲವಾಯಿತು, ಕಲಿಕೆಗೆ ಎಷ್ಟಾಯಿತೆಂಬುದು ಅನುಮಾನ. ಪ್ರಬಂಧವನ್ನು ‘ಹತ್ತರೊಳಗೆ ತರುವುದು’ ಎಂಬ ಮಾತೇ ಈಗ ಸಂಶೋಧನಾ ವಿದ್ಯಾರ್ಥಿಗಳ ನಡುವೆ ಓಡಾಡುತ್ತಿದೆ. ಅದಕ್ಕಾಗಿ ನಡೆಯುವ ಕೆಲಸ ಬಹುಪಾಲು ಮೇಲಿನ ಅಡಿಕೆ ತೋಟದ ಉದಾಹರಣೆಯಂಥದೇ. ಇನ್ನೊಬ್ಬರ ಹೊಸ ವಾದವೊಂದನ್ನು ಎರಡೇ ವಾಕ್ಯದಲ್ಲಿ ಕದ್ದರೆ ಶೇಕಡಾ ಒಂದೂ ಆಗುವುದಿಲ್ಲ.

ಕನ್ನಡದ ಪ್ರಬಂಧಗಳ ಮಟ್ಟಿಗೆ ತಂತ್ರಾಂಶದ ಕಣ್ಣು ಇನ್ನೂ ಮಂಜು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪಠ್ಯ ಪರದೆಯ ಮೇಲೆ ಕನ್ನಡವಾಗಿ ಕಂಡರೂ, ಒಳಗೆ ಉಳಿದಿರುವುದು ರೋಮನ್ ಅಕ್ಷರಗಳ ಗೊಂದಲ. ಯೂನಿಕೋಡಿನಲ್ಲಿರುವ ಅದೇ ವಾಕ್ಯಕ್ಕೂ ಇದಕ್ಕೂ ಯಂತ್ರ ಸಂಬಂಧ ಕಾಣದು. ಅರ್ಧ ಶತಮಾನದ ಹಿಂದೆ ಅಚ್ಚಾಗಿ ಗ್ರಂಥಾಲಯದ ಕಪಾಟಿನಲ್ಲೇ ಉಳಿದ ಪುಸ್ತಕ ಯಂತ್ರದ ಕೈಗೆ ಸಿಕ್ಕೇ ಇಲ್ಲ. ಸಂಧಿ, ವಿಭಕ್ತಿಗಳಿಂದ ಪದದ ರೂಪ ಬದಲಾಗುವುದೂ ಹೋಲಿಕೆಗೆ ತೊಡಕು. ಇವೆಲ್ಲಕ್ಕಿಂತ ದೊಡ್ಡ ಕಿಂಡಿಯೆಂದರೆ ಅನುವಾದ: ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತಂದು ಹೆಸರು ಬಿಟ್ಟರೆ, ಪದಕ್ಕೆ ಪದ ಹೋಲಿಸುವ ಯಂತ್ರಕ್ಕೆ ಅದು ಅಪ್ಪಟ ಸ್ವಂತ ಬರಹ.

ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದ ಮೇಲೆ ತಲೆಕೆಳಗಾದ ಒಂದು ತೊಂದರೆಯೂ ಸೇರಿಕೊಂಡಿತು. ಇದ್ದ ಆಕರವನ್ನು ಬಚ್ಚಿಡುವುದು ಹಳೆಯ ರೋಗ, ಇಲ್ಲದ ಆಕರವನ್ನು ಹುಟ್ಟಿಸುವುದು ಹೊಸದು. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಇಂಥ ಸಾಧನವೊಂದು ಕೊಟ್ಟ, ಎಂದೂ ನಡೆಯದ ಮೊಕದ್ದಮೆಗಳ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ 5,000 ಡಾಲರ್ ದಂಡ ತೆತ್ತರು. ಪಟ್ಟಿಯಲ್ಲಿ ಪುಸ್ತಕದ ಹೆಸರಿದ್ದ ಮಾತ್ರಕ್ಕೆ ಪುಸ್ತಕವಿದೆ ಎಂದು ನಂಬುವ ಕಾಲ ಮುಗಿದಿದೆ.

ಕೊನೆಗೂ ಕಳವನ್ನು ಹಿಡಿಯುವವರು ಹೆಚ್ಚಾಗಿ ಓದುಗರೇ. 2011ರಲ್ಲಿ ಜರ್ಮನಿಯ ರಕ್ಷಣಾ ಸಚಿವ ಕಾರ್ಲ್ ಥಿಯೋಡೋರ್ ಜು ಗುಟೆನ್‌ಬರ್ಗ್ ಅವರ ಡಾಕ್ಟರೇಟ್ ಪ್ರಬಂಧವನ್ನು ವಿಮರ್ಶೆಗಾಗಿ ಓದುತ್ತಿದ್ದ ಕಾನೂನು ಪ್ರಾಧ್ಯಾಪಕರೊಬ್ಬರಿಗೆ, ಆಕರವಿಲ್ಲದೆ ಎತ್ತಿಕೊಂಡ ಭಾಗಗಳು ಸಿಕ್ಕವು. ಸುದ್ದಿ ಹೊರಬಿದ್ದ ಮೇಲೆ ನೂರಾರು ಮಂದಿ ಪ್ರಬಂಧದ ಪುಟಗಳನ್ನು ಹಂಚಿಕೊಂಡು ಮೂಲಗಳ ಜೊತೆ ತಾಳೆ ನೋಡಿದರು. ಬೈರಾಯ್ಟ್ ವಿಶ್ವವಿದ್ಯಾಲಯ ಫೆಬ್ರುವರಿಯಲ್ಲಿ ಪದವಿಯನ್ನು ಹಿಂತೆಗೆದುಕೊಂಡಿತು. ಮಾರ್ಚ್ 1ರಂದು ಸಚಿವರು ರಾಜೀನಾಮೆ ಕೊಟ್ಟರು.