ಗೌರವವಂದನೆಯ ನಂತರದ ದಿನಗಳು: ಯೋಧರ ಕುಟುಂಬಕ್ಕೆ ಆಸರೆಯಾಗುವವರು ಯಾರು?

ಬೆಂಗಳೂರು: ಮಲ್ಲೇಶ್ವರದ ಎಂ.ಇ.ಎಸ್. ಕಾಲೇಜಿನಲ್ಲಿ ಓದಿ 1988ರಲ್ಲಿ ಪದವಿ ಪಡೆದ ತರುಣರ ಪೈಕಿ ವಸಂತ್ ವೇಣುಗೋಪಾಲ್ ಒಬ್ಬರು. ಕಾಲೇಜು ದಿನಗಳಲ್ಲಿ ಎನ್.ಸಿ.ಸಿ. ಕೆಡೆಟ್ ಆಗಿದ್ದ ಅವರು ಅದೇ ವರ್ಷ ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿ ಸೇರಿದರು. 1989ರ ಜೂನ್‌ನಲ್ಲಿ ಮರಾಠಾ ಲಘು ಪದಾತಿದಳದ 9ನೇ ಬೆಟಾಲಿಯನ್ನಿನ ಅಧಿಕಾರಿಯಾದರು. ಹದಿನೆಂಟು ವರ್ಷಗಳ ನಂತರ, ಅದೇ ಬೆಟಾಲಿಯನ್ನಿನ ಕಮಾಂಡಿಂಗ್ ಅಧಿಕಾರಿಯಾಗಿದ್ದಾಗ, 2007ರ ಜುಲೈ 31ರಂದು ಕಾಶ್ಮೀರದ ಉರಿ ವಲಯದಲ್ಲಿ ನುಸುಳುಕೋರ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿ ವೀರಮರಣವನ್ನಪ್ಪಿದರು. ಆಗ ಅವರ ವಯಸ್ಸು ನಲವತ್ತು. 2008ರ ಗಣರಾಜ್ಯೋತ್ಸವದಂದು ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರ ಸಂದಿತು.

ಪತ್ರಿಕೆಗಳ ಪಾಲಿಗೆ ಸುದ್ದಿ ಬಹುತೇಕ ಅಲ್ಲಿಗೆ ಮುಗಿಯುತ್ತದೆ. ರಾಷ್ಟ್ರಧ್ವಜ ಹೊದಿಸಿದ ಪೆಟ್ಟಿಗೆ, ಗಣ್ಯರ ಸಾಲು, ಕುಶಾಲುತೋಪು, ಜನಸಾಗರ. ಮನೆಯವರ ಪಾಲಿಗೆ ಕಥೆ ಆರಂಭವಾಗುವುದೇ ಆ ಮೇಲೆ. ಕರ್ನಲ್ ವಸಂತ್ ಅವರ ಪತ್ನಿ ಸುಭಾಷಿಣಿ ವಸಂತ್ ಭರತನಾಟ್ಯ ಕಲಾವಿದೆ. ಪತಿ ತೀರಿಕೊಂಡ ವರ್ಷವೇ ಅವರು ಬೆಂಗಳೂರಿನಲ್ಲಿ ‘ವಸಂತರತ್ನ ಫೌಂಡೇಶನ್ ಫಾರ್ ಆರ್ಟ್’ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಹೆಸರಿನಲ್ಲಿ ಕಲೆಯಿದ್ದರೂ ಸಂಸ್ಥೆ ಮುಖ್ಯವಾಗಿ ಕೈಗೆತ್ತಿಕೊಂಡದ್ದು ಹುತಾತ್ಮ ಯೋಧರ ಕುಟುಂಬಗಳ ಕೆಲಸವನ್ನು: ಮಕ್ಕಳ ಶಿಕ್ಷಣಕ್ಕೆ ನೆರವು, ಸೇನೆ ‘ವೀರನಾರಿ’ ಎಂದು ಕರೆಯುವ ಯೋಧರ ಪತ್ನಿಯರಿಗೆ ಆಪ್ತಸಲಹೆ, ಕಚೇರಿಗಳೊಡನೆ ವ್ಯವಹರಿಸಲು ಮಾರ್ಗದರ್ಶನ. ಈ ಸೇವೆಗಾಗಿ ಸುಭಾಷಿಣಿ ಅವರಿಗೆ 2016ನೇ ಸಾಲಿನ ನೀರಜಾ ಭಾನೋಟ್ ಪ್ರಶಸ್ತಿ ದೊರೆಯಿತು. ವೀಣಾ ಪ್ರಸಾದ್ ಅವರೊಡನೆ ಸೇರಿ ಅವರು ಬರೆದ ಕರ್ನಲ್ ವಸಂತ್ ಅವರ ಜೀವನಕಥನದ ಹೆಸರು ‘ಫಾರೆವರ್ ಫಾರ್ಟಿ’.

ಹಳೆಯ ಬೆಂಗಳೂರಿನ ಬಡಾವಣೆಯೊಂದರ ಕಾಲೇಜಿನಿಂದ ಹೊರಟ ಈ ಎಳೆಯಲ್ಲಿ ಒಂದು ವಿಶೇಷವಿದೆ. ಬೆಂಗಳೂರಿನಲ್ಲಿ ಸೈನ್ಯವೆಂದರೆ ಸಾಮಾನ್ಯವಾಗಿ ದಂಡು ಪ್ರದೇಶ. ಮದ್ರಾಸ್ ಎಂಜಿನಿಯರ್ ಗ್ರೂಪ್ ಇರುವುದು ಹಲಸೂರು ಕೆರೆಯ ಬಳಿ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಟ್ಟಡವಿರುವುದು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯಲ್ಲಿ. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರ ಇವೆಲ್ಲ ಗುಮಾಸ್ತರ, ಮೇಷ್ಟರ, ವಕೀಲರ ಊರುಗಳಾಗಿ ಬೆಳೆದವು. 1949ರವರೆಗೆ ದಂಡಿಗೂ ನಗರಕ್ಕೂ ಆಡಳಿತವೇ ಬೇರೆ ಬೇರೆ. ಇಲ್ಲಿನ ಬಹುಪಾಲು ಮನೆಗಳಿಗೆ ಸೈನಿಕನ ಬದುಕು ದೂರದ ಸಂಗತಿಯಾಗಿಯೇ ಉಳಿಯಿತು. ಅದು ಮನೆಬಾಗಿಲಿಗೆ ಬಂದಾಗ ಏನು ಮಾಡಬೇಕೆಂದು ಹೇಳುವ ನೆರೆಹೊರೆಯವರೂ ಇರುವುದಿಲ್ಲ. ಬೆಳಗಾವಿ, ಧಾರವಾಡ, ಕೊಡಗಿನ ಹಳ್ಳಿಗಳಲ್ಲಾದರೆ ಪಕ್ಕದ ಬೀದಿಯಲ್ಲಿ ಒಬ್ಬ ನಿವೃತ್ತ ಸುಬೇದಾರರಾದರೂ ಸಿಗುತ್ತಾರೆ.

ಸರ್ಕಾರ ಇಷ್ಟೆಲ್ಲ ಕೊಡುವಾಗ ಸ್ವಯಂಸೇವಾ ಸಂಸ್ಥೆಗಳು ಏಕೆ ಎಂಬ ಪ್ರಶ್ನೆ ಸಹಜ. ಉತ್ತರ ಪಿಂಚಣಿಯ ನಿಯಮಗಳಲ್ಲಿಯೇ ಅಡಗಿದೆ. ಯೋಧ ಹೇಗೆ ತೀರಿಕೊಂಡ ಎಂಬುದರ ಮೇಲೆ ಕುಟುಂಬಕ್ಕೆ ಬರುವ ಹಣ ನಿರ್ಧಾರವಾಗುತ್ತದೆ. ಯುದ್ಧದಲ್ಲಿ ಅಥವಾ ಉಗ್ರರೊಡನೆ ಹೋರಾಡಿ ಮಡಿದರೆ ‘ಉದಾರೀಕೃತ ಕುಟುಂಬ ಪಿಂಚಣಿ’. ಅಂದರೆ ಕೊನೆಯ ವೇತನದಷ್ಟೇ ಪೂರ್ಣ ಮೊತ್ತ. ಸಾವಿಗೆ ಸೇವೆಯೇ ಕಾರಣವೆಂದು ಸೇನೆ ಒಪ್ಪಿದರೆ ‘ವಿಶೇಷ ಕುಟುಂಬ ಪಿಂಚಣಿ’, ವೇತನದ ಶೇ. 60. ಸೇವೆಗೆ ಸಂಬಂಧವಿಲ್ಲವೆಂದು ತೀರ್ಮಾನವಾದರೆ ಸಾಮಾನ್ಯ ಕುಟುಂಬ ಪಿಂಚಣಿ. ಮೊದಲ ಹತ್ತು ವರ್ಷ ಶೇ. 50, ಆ ಬಳಿಕ ಶೇ. 30. 2016ರ ವೇತನ ಆಯೋಗದ ನಂತರ ನಿಗದಿಯಾದ ಕೇಂದ್ರದ ಪರಿಹಾರಧನವೂ ಸಾವಿನ ಸಂದರ್ಭಕ್ಕೆ ತಕ್ಕಂತೆ 25 ಲಕ್ಷದಿಂದ 45 ಲಕ್ಷ ರೂಪಾಯಿವರೆಗೆ ಬದಲಾಗುತ್ತದೆ.

ಹಾಗಾಗಿ ಸಾವಿನ ವರ್ಗೀಕರಣವೇ ಕುಟುಂಬದ ಮುಂದಿನ ಬದುಕನ್ನು ನಿರ್ಧರಿಸುತ್ತದೆ. ಹಿಮಕುಸಿತ, ರಸ್ತೆ ಅಪಘಾತ, ಹೃದಯಾಘಾತ, ಆತ್ಮಹತ್ಯೆ ಇವುಗಳ ನಡುವಿನ ವ್ಯತ್ಯಾಸ ಕಡತದಲ್ಲಿ ಒಂದು ಪದ, ಮನೆಯಲ್ಲಿ ಅರ್ಧ ಆದಾಯ. ತೀರ್ಮಾನವನ್ನು ಒಪ್ಪದವರು ಮೇಲ್ಮನವಿ ಸಲ್ಲಿಸಬಹುದು, 2009ರಲ್ಲಿ ಕಾರ್ಯಾರಂಭ ಮಾಡಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೂ ಹೋಗಬಹುದು. ಆದರೆ ಮೇಲ್ಮನವಿಯ ಅವಕಾಶವಿದೆಯೆಂದು ಇಪ್ಪತ್ತಾರರ ಹರೆಯದ ವಿಧವೆಗೆ ಹೇಳುವವರು ಯಾರು? ಇಂಥ ಸಂಸ್ಥೆಗಳಿಂದ ಸಿಗುವ ಅತಿ ದೊಡ್ಡ ಉಪಕಾರ ಬಹುಶಃ ಈ ಒಂದು ಮಾತೇ.

ಕಾಗದಪತ್ರಗಳ ತೊಡಕು ಇನ್ನೊಂದು. ಸೈನಿಕನ ಮದುವೆ, ಮಕ್ಕಳ ಜನನ ಇವೆಲ್ಲ ‘ಪಾರ್ಟ್ ಟು ಆರ್ಡರ್’ ಎಂಬ ಸೇನಾ ದಾಖಲೆಯಲ್ಲಿ ಪ್ರಕಟವಾಗಿರಬೇಕು. ಊರಿನಲ್ಲಿ ಲಕ್ಷ್ಮವ್ವ, ಆಧಾರ್‌ನಲ್ಲಿ ಲಕ್ಷ್ಮೀಬಾಯಿ, ಸೇನಾ ದಾಖಲೆಯಲ್ಲಿ ಬರೀ ಲಕ್ಷ್ಮಿ ಎಂದಿದ್ದರೆ ಪಿಂಚಣಿ ಅಲ್ಲಿಯೇ ನಿಲ್ಲುತ್ತದೆ. ಕೆಲವು ವರ್ಷಗಳಿಂದ ರಕ್ಷಣಾ ಪಿಂಚಣಿಗಳು ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ವರ್ಗವಾಗಿವೆ. ಪ್ರಯಾಗರಾಜ್‌ನ ಲೆಕ್ಕಪತ್ರ ಕಚೇರಿಗೆ ಪತ್ರ ಬರೆದು ತಿಂಗಳುಗಟ್ಟಲೆ ಕಾಯುವುದು ತಪ್ಪಿದ್ದು ನಿಜ. ಆದರೆ ಪಾಸ್‌ವರ್ಡ್, ಒಟಿಪಿ, ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಇವು ಎಂಬತ್ತು ದಾಟಿದ ತಾಯಂದಿರಿಗೆ ಹೊಸ ಗೋಡೆಯಾಗಿವೆ.

ಹಣ ಬಂದ ಮೇಲಿನ ಸಂಕಟಗಳ ಬಗ್ಗೆ ಮಾತನಾಡುವವರು ಕಡಿಮೆ. ಪಿಂಚಣಿ ಪತ್ನಿಗೆ ಸಲ್ಲುತ್ತದೆ, ವಿಮೆ ನಾಮನಿರ್ದೇಶಿತರಿಗೆ. ಮಗನನ್ನೇ ನಂಬಿದ್ದ ತಂದೆ-ತಾಯಿ ಬರಿಗೈಯಲ್ಲಿ ಉಳಿಯುವುದುಂಟು. ಅತ್ತೆಯ ಮನೆಯವರು ಸೊಸೆಯ ಬ್ಯಾಂಕ್ ಪುಸ್ತಕವನ್ನು ತಾವೇ ಇಟ್ಟುಕೊಳ್ಳುವುದೂ ಉಂಟು. 2024ರಲ್ಲಿ ಉತ್ತರ ಪ್ರದೇಶದ ಕೀರ್ತಿಚಕ್ರ ಪುರಸ್ಕೃತ ಅಧಿಕಾರಿಯೊಬ್ಬರ ತಂದೆ-ತಾಯಿ ಈ ನಿಯಮ ಬದಲಾಗಬೇಕೆಂದು ಬಹಿರಂಗವಾಗಿ ಕೇಳಿದಾಗ ದೇಶಾದ್ಯಂತ ಚರ್ಚೆಯಾಯಿತು. ಆ ಚರ್ಚೆಯ ಭರದಲ್ಲಿ ಎಳೆಯ ವಿಧವೆಯೊಬ್ಬರ ಮೇಲೆ ಜನ ಆಡಿದ ಮಾತುಗಳು ಶೋಭೆ ತರುವಂಥವಾಗಿರಲಿಲ್ಲ. ನಿಯಮಗಳೂ ಎಷ್ಟೋ ಕಾಲ ಇದೇ ಧೋರಣೆಯವೇ. ಶೌರ್ಯ ಪ್ರಶಸ್ತಿಯ ಭತ್ಯೆ ಪಡೆಯುತ್ತಿದ್ದ ವಿಧವೆ ಮರುಮದುವೆಯಾದರೆ, ಪತಿಯ ಸಹೋದರನನ್ನೇ ವರಿಸಿದ್ದರೆ ಮಾತ್ರ ಭತ್ಯೆ ಮುಂದುವರಿಯುತ್ತದೆ ಎಂಬ ಷರತ್ತು ರದ್ದಾದದ್ದು 2017ರ ನವೆಂಬರ್‌ನಲ್ಲಿ! ಆಪ್ತಸಲಹೆ ಎಂದರೆ ಕಣ್ಣೀರು ಒರೆಸುವುದಷ್ಟೇ ಅಲ್ಲ. ಬ್ಯಾಂಕ್ ಖಾತೆ, ಮನೆಯ ಹಿರಿಯರು, ಮಕ್ಕಳ ಶಾಲೆ ಎಲ್ಲವೂ ಅದರೊಳಗೆ ಬರುತ್ತವೆ.

ಈ ಕ್ಷೇತ್ರದಲ್ಲಿ ಹಳೆಯ ಸಂಸ್ಥೆಗಳೂ ಇವೆ. ಮಾಜಿ ಸೈನಿಕರ ಅಖಿಲ ಭಾರತ ಸಂಘಟನೆಯಾದ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಅನ್ನು 1964ರಲ್ಲಿ ಕಟ್ಟಿದವರು ಕನ್ನಡ ನಾಡಿನವರೇ ಆದ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ. ಸೇನಾ ಪತ್ನಿಯರ ಕಲ್ಯಾಣ ಸಂಘ 1966ರಿಂದ ಕೆಲಸ ಮಾಡುತ್ತಿದೆ. ಜಿಲ್ಲೆಗಳಲ್ಲಿ ಸೈನಿಕ ಕಲ್ಯಾಣ ಕಚೇರಿಗಳಿವೆ. ಅವು ಸರ್ಕಾರದವು, ಸ್ವಯಂಸೇವಾ ಸಂಸ್ಥೆಗಳಲ್ಲ.

ಇಷ್ಟೆಲ್ಲ ಇದ್ದೂ ಜರಡಿಯಿಂದ ಜಾರುವವರಿದ್ದಾರೆ. ಜವಾನನಿಗೆ ಪಿಂಚಣಿ ಸಿಗಬೇಕಾದರೆ ಸಾಮಾನ್ಯವಾಗಿ 15 ವರ್ಷ ಸೇವೆಯಾಗಿರಬೇಕು. ಅದಕ್ಕೆ ಮೊದಲೇ ಬಿಡುಗಡೆಯಾದವರು ಮುಪ್ಪಿನಲ್ಲಿ ನಂಬಬೇಕಾದದ್ದು ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ದೊರೆಯುವ ನೆರವನ್ನು. ಪಿಂಚಣಿಯಿಲ್ಲದ, 65 ವರ್ಷ ಮೀರಿದ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ತಿಂಗಳಿಗೆ 4,000 ರೂಪಾಯಿ ಇದ್ದದ್ದನ್ನು 2025ರ ಅಕ್ಟೋಬರ್‌ನಲ್ಲಿ 8,000ಕ್ಕೆ ಏರಿಸಲಾಯಿತು. ಮಕ್ಕಳ ಶಿಕ್ಷಣ ನೆರವು ತಿಂಗಳಿಗೆ ತಲಾ 1,000ದಿಂದ 2,000 ರೂಪಾಯಿಯಾಯಿತು. ಬೆಂಗಳೂರಿನ ಯಾವುದೇ ಶಾಲೆಯ ಶುಲ್ಕದ ಚೀಟಿ ನೋಡಿದವರಿಗೆ ಈ ಎರಡು ಸಾವಿರದ ತೂಕವೆಷ್ಟೆಂದು ತಿಳಿಯುತ್ತದೆ. ಸಂಸ್ಥೆಗಳ ವಿದ್ಯಾರ್ಥಿವೇತನ ಬೇಕಾಗುವುದು ಇಲ್ಲಿಯೇ.

ಸಿ.ಆರ್.ಪಿ.ಎಫ್., ಬಿ.ಎಸ್.ಎಫ್. ಮುಂತಾದ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳವರು ಜನರ ಕಣ್ಣಿನಲ್ಲಿ ಸೈನಿಕರೇ, ಆದರೆ ನಿಯಮದ ಪ್ರಕಾರ ‘ಮಾಜಿ ಸೈನಿಕ’ರಲ್ಲ. 2019ರ ಫೆಬ್ರುವರಿ 14ರ ಪುಲ್ವಾಮಾ ದಾಳಿಯಲ್ಲಿ ಮಂಡ್ಯ ಜಿಲ್ಲೆಯ ಯೋಧರೂ ಸೇರಿ 40 ಸಿ.ಆರ್.ಪಿ.ಎಫ್. ಸಿಬ್ಬಂದಿ ಮಡಿದಾಗ ಈ ವ್ಯತ್ಯಾಸ ಹಲವರಿಗೆ ಮೊದಲ ಬಾರಿಗೆ ಅರಿವಾಯಿತು. ಅವರ ಕುಟುಂಬಗಳಿಗೆ ನೇರವಾಗಿ ದೇಣಿಗೆ ನೀಡಲು ‘ಭಾರತ್ ಕೆ ವೀರ್’ ಎಂಬ ವ್ಯವಸ್ಥೆ 2017ರಿಂದ ಇದೆ.

ಮುಂದಿನ ಸಾಲು ಅಗ್ನಿವೀರರದು. 2022ರ ಜೂನ್‌ನಲ್ಲಿ ಘೋಷಣೆಯಾದ ಈ ಯೋಜನೆಯಲ್ಲಿ ಸೇವೆ ನಾಲ್ಕೇ ವರ್ಷ. ಆ ಬಳಿಕ ಕಾಯಂ ಸೇವೆಗೆ ಉಳಿಯುವವರು ಗರಿಷ್ಠ ಶೇ. 25. ಕರ್ತವ್ಯದಲ್ಲಿ ಮಡಿದರೆ 48 ಲಕ್ಷ ರೂಪಾಯಿ ವಿಮೆ, 44 ಲಕ್ಷ ಪರಿಹಾರ ಮತ್ತು ಉಳಿದ ಅವಧಿಯ ವೇತನ ಮನೆಗೆ ಸಲ್ಲುತ್ತದೆ, ಆದರೆ ಕುಟುಂಬ ಪಿಂಚಣಿ ಇಲ್ಲ. ಮೊದಲ ತಂಡದ ಅವಧಿ ಮುಗಿಯುವುದು 2026ರ ಅಂತ್ಯದ ಹೊತ್ತಿಗೆ. ಒಮ್ಮೆಗೇ ಬಂದ ದೊಡ್ಡ ಮೊತ್ತವನ್ನು ಮೂವತ್ತು-ನಲವತ್ತು ವರ್ಷಗಳ ಬದುಕಿಗೆ ಹೇಗೆ ಹಂಚಬೇಕು ಎಂದು ಕೇಳಿಕೊಂಡು ಬರುವ ಕುಟುಂಬಗಳಿಗೆ ಸಂಸ್ಥೆಗಳು ಈಗಲೇ ಸಿದ್ಧವಾಗಬೇಕಿದೆ.

ದೇಣಿಗೆಯ ದಾರಿಗಳೂ ಹಲವು. ಪ್ರತಿ ವರ್ಷ ಡಿಸೆಂಬರ್ 7ರ ಧ್ವಜ ದಿನಾಚರಣೆ 1949ರಿಂದ ನಡೆದುಬಂದಿದೆ. 2013ರ ಕಂಪನಿ ಕಾಯ್ದೆ ಮಾಜಿ ಸೈನಿಕರ ಹಾಗೂ ಯುದ್ಧ ವಿಧವೆಯರ ನೆರವನ್ನು ಸಾಮಾಜಿಕ ಹೊಣೆಗಾರಿಕೆಯ ವೆಚ್ಚವೆಂದು ಒಪ್ಪುತ್ತದೆ. 2020ರಲ್ಲಿ ಕೇಂದ್ರ ಪೊಲೀಸ್ ಪಡೆಗಳವರನ್ನೂ ಅದಕ್ಕೆ ಸೇರಿಸಲಾಯಿತು. ಯೋಧರ ಹೆಸರಿನಲ್ಲಿ ಫೋನಿನಲ್ಲಿ ಹಣ ಕೇಳುವವರೂ ಇರುವುದರಿಂದ ನೋಂದಣಿ, 80ಜಿ ಪ್ರಮಾಣಪತ್ರ ಮತ್ತು ವಾರ್ಷಿಕ ಲೆಕ್ಕಪತ್ರ ನೋಡಿ ಕೊಡುವುದು ಲೇಸು.

ಹಣಕ್ಕಿಂತ ವಿರಳವಾದದ್ದು ಮನುಷ್ಯರ ಸಮಯ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಉದ್ಯಾನಗಳಲ್ಲಿ ಬೆಳಗಿನ ವಾಯುವಿಹಾರಕ್ಕೆ ಬರುವ ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಲೆಕ್ಕಪರಿಶೋಧಕರು, ವಕೀಲರು, ಮೇಷ್ಟ್ರುಗಳು ಬಲ್ಲ ವಿದ್ಯೆಯೇ ಈ ಕುಟುಂಬಗಳಿಗೆ ಬೇಕಾದದ್ದು: ಅರ್ಜಿ ತುಂಬುವುದು, ಹೆಸರಿನ ವ್ಯತ್ಯಾಸಕ್ಕೆ ಪ್ರಮಾಣಪತ್ರ ಬರೆಸುವುದು, ಠೇವಣಿಯ ಬಡ್ಡಿ ಲೆಕ್ಕ ಹಾಕುವುದು, ಹತ್ತನೇ ತರಗತಿಯ ಹುಡುಗಿಗೆ ಗಣಿತ ಹೇಳಿಕೊಡುವುದು.